ಅಜೀಂ ಪ್ರೇಮ್‌ಜಿ ಸೆಲ್ಫ್ ಮೇಡ್ ಹೌದಾ? ಅವ್ರು ಕೊಟ್ಟಿದ್ದು ಜನಕ್ಕ ಮುಟ್ತೈತೇನು?

ನೀವು ಎರಡು ಮಾತು ಕೇಳೀರಿ, ಪ್ರೇಮ್‌ಜಿ ಅವ್ರನ್ನ ಸ್ವಂತ ದುಡಿಮಿ ಮ್ಯಾಲ ಬೆಳೆದೋರು ಅನ್ನಬಹುದಾ, ಮತ್ತ ಲಕ್ಷ ಕೋಟಿ ದಾನ ಮಾಡಿದ್ರು ಅಂತಾರಲ್ಲ ಅದು ಖರೇನ ಕೆಳಗಿನ ತನಕ ಬರ್ತೈತಾ ಇಲ್ಲಾ ಬರೇ ಪೇಪರ್ ಸುದ್ದೀನಾ ಅಂತ. ನಾನು ರಾಯಚೂರಾಗ ಹತ್ತಿಕಾಳಿನ ಎಣ್ಣಿ ಮಿಲ್ ಒಂದರ ಲೆಕ್ಕ ಬರಿಯೋನು. ಪ್ರೇಮ್‌ಜಿ ಬೆಳೆಸಿದ ಐಟಿ ಕಂಪನಿ ವಿಪ್ರೋದ ಒಂದು ಷೇರೂ ನನ್ನ ಹತ್ರ ಇಲ್ಲ, ಹಂಗಾಗಿ ಹೊಗಳೋ ಗರಜೂ ಇಲ್ಲ. ಆದ್ರ ಎಣ್ಣಿ ಧಂಧೆ ಏನಂತ ಗೊತ್ತೈತಿ, ಅವ್ರ ರೊಕ್ಕ ನಮ್ಮೂರ ಸಾಲಿಗೆ ಯಾವ ರೂಪದಾಗ ಬರ್ತೈತಿ ಅನ್ನೋದೂ ಗೊತ್ತೈತಿ.

ಮೊದಲ್ನೇದಕ್ಕ ನೇರ ಉತ್ತರ, ಇಲ್ಲ. ಬೀದಿ ದೀಪದ ಕೆಳಗ ಓದಿ ಮ್ಯಾಲ ಬಂದ ಕಥಿ ಅಲ್ಲ ಇದು. ಅವ್ರಪ್ಪ ಮೊಹಮ್ಮದ್ ಹಾಶಮ್ ಪ್ರೇಮ್‌ಜಿ ದೊಡ್ಡ ಅಕ್ಕಿ ವ್ಯಾಪಾರಸ್ಥರು, 1945ರ ಡಿಸೆಂಬರ್‌ನ್ಯಾಗ ಮಹಾರಾಷ್ಟ್ರದ ಜಳಗಾಂವ್ ಜಿಲ್ಲಾದ ಅಮಳನೇರ್ ಅನ್ನೋ ಊರಿನ ವನಸ್ಪತಿ (ಡಾಲ್ಡಾದಂಥ ಗಟ್ಟಿ ಎಣ್ಣಿ) ಫ್ಯಾಕ್ಟರಿಗೆ ಕಂಪನಿ ಕಟ್ಟಿದ್ರು, ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಅಂತ. ವಿಪ್ರೋ ಅನ್ನೋ ಹೆಸರು ಅದರದ್ದೇ ತುಂಡು. ಮಗ ಹುಟ್ಟಿದ್ದೂ ಅದೇ ವರ್ಷ ಜುಲೈನ್ಯಾಗ. ತಾಯಿ ಡಾಕ್ಟರ್, ಓದಿಸಿದ್ದು ಅಮೆರಿಕಾದ ಸ್ಟ್ಯಾನ್‌ಫರ್ಡ್‌ನ್ಯಾಗ. 1966ರಾಗ ಅಪ್ಪ ತೀರಿಕೊಂಡ್ರು ಅಂತ ಸುದ್ದಿ ಬಂದಾಗ ಹುಡುಗನ ವಯಸ್ಸು 21, ಡಿಗ್ರಿ ಅರ್ಧಕ್ಕ ಬಿಟ್ಟು ಬಂದ, ಮುಗಿಸಿದ್ದು ಎಷ್ಟೋ ವರ್ಷ ಆದ್ಮ್ಯಾಲ.

ಆದ್ರ ಇಲ್ಲಿಗೆ ನಿಲ್ಲಿಸಿಬಿಟ್ರ ಅನ್ಯಾಯ ಆಗ್ತೈತಿ ನೋಡ್ರಿ. ಎಣ್ಣಿ ಧಂಧೆ ಒಳಗಿಂದ ನೋಡಿದೋರಿಗೆ ಗೊತ್ತು ಅದು ಏನಂತ. ಒಂದು ಕ್ವಿಂಟಲ್ ಹತ್ತಿಕಾಳು ಗಾಣಕ್ಕ ಹಾಕಿದ್ರ ಎಣ್ಣಿ ಬರೋದು ಹತ್ತು ಹನ್ನೆರಡು ಕೆಜಿ, ಉಳಿದಿದ್ದೆಲ್ಲಾ ಹಿಂಡಿ ಹೊಟ್ಟು, ಎಷ್ಟೋ ವರ್ಷ ನಮ್ಮ ಮಾಲಕರ ಲಾಭ ನಿಲ್ಲೋದು ಎಣ್ಣಿ ಮ್ಯಾಲಲ್ಲ ಹಿಂಡಿ ರೇಟಿನ ಮ್ಯಾಲ. ಮುಂಜಾನಿ ಗಂಜ್ ಮಾರ್ಕೆಟ್ಟಿನ್ಯಾಗ ಕಾಳಿನ ರೇಟ್ ಒಂದು, ಸಂಜಿಗೆ ಹೈದರಾಬಾದಿನ ಪಾರ್ಟಿ ಹೇಳೋ ಎಣ್ಣಿ ರೇಟ್ ಇನ್ನೊಂದು, ನಡುವ ಸಿಕ್ಕೊಂಡು ಮಿಲ್ ಮುಚ್ಚಿದೋರು ನಮ್ಮ ಕಡಿ ಕಮ್ಮಿ ಇಲ್ಲ, ಅಪ್ಪನ ಹೆಸರು ಐತಿ ಅಂತ ಹಳೇ ಮಷೀನು ಹಿಡ್ಕೊಂಡೇ ಕುಂತು ಕಡೀಗೆ ಜಾಗ ಪ್ಲಾಟ್ ಮಾಡಿ ಮಾರಿದೋರೂ ಅದಾರ. ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋದು ಅಂತಾರಲ್ಲ, ಪ್ರೇಮ್‌ಜಿ ಅದನ್ನ ಮಾಡ್ಲಿಲ್ಲ. ಮೊದಲ್ನೇ ಮೀಟಿಂಗಿನ್ಯಾಗೇ ಷೇರುದಾರ ಒಬ್ರು ಎದ್ದು ನಿಂತು, ಈ ವಯಸ್ಸಿನ್ಯಾಗ ಇದು ನಿನ್ನ ಕೈಲಿ ಆಗೋ ಕೆಲ್ಸಲ್ಲ, ಮಾರಿ ಹೋಗು ಅಂದಿದ್ರಂತ. ಇವ್ರು ಮಾರ್ಲಿಲ್ಲ. ವನಸ್ಪತಿಯಿಂದ ಸಾಬೂನು, 70ರ ದಶಕದಾಗ ಹೈಡ್ರಾಲಿಕ್ ಸಿಲಿಂಡರ್, ಆಮ್ಯಾಲ ಜನತಾ ಸರ್ಕಾರ ಇದ್ದಾಗ ವಿದೇಶಿ ಪಾಲು ಇಳಿಸ್ರಿ ಅನ್ನೋ ಕಾನೂನಿಗೆ ಒಪ್ಪದ ಅಮೆರಿಕಾದ ಕಂಪ್ಯೂಟರ್ ಕಂಪನಿ ಐಬಿಎಂ ದೇಶ ಬಿಟ್ಟು ಹೋತಲ್ಲ, ಆ ಖಾಲಿ ಜಾಗಕ್ಕ ಬೆಂಗಳೂರಾಗ ಕಂಪ್ಯೂಟರ್ ಮಾಡಾಕ ಇಳದ್ರು. ಡಾಲ್ಡಾ ಮಾಡೋನು ಕಂಪ್ಯೂಟರ್ ಮಾಡ್ತೀನಿ ಅಂದ್ರ ಆ ಕಾಲಕ್ಕ ಜನ ನಕ್ಕಿರಬೇಕು ಅಂತ ನನಗನಿಸ್ತೈತಿ. 2000ಕ್ಕ ವಿಪ್ರೋ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜಿನ್ಯಾಗ ಇತ್ತು. ಅಮಳನೇರಿನ್ಯಾಗ ಹಳೇ ಷೇರು ಮಾರದೇ ಇಟ್ಕೊಂಡಿದ್ದ ಸಾದಾ ಮಂದಿ ಎಷ್ಟೋ ಜನ ಕೋಟ್ಯಧಿಪತಿ ಆದ್ರು. ಹಂಗಾಗಿ ನನ್ನ ಪ್ರಕಾರ ಕಂಪನಿ ಅಪ್ಪಂದು, ನಾವು ಇವತ್ತು ವಿಪ್ರೋ ಅನ್ನೋದು ಮಾತ್ರ ಮಗಂದು.

ಅವ್ರು ಎಕಾನಮಿ ಕ್ಲಾಸಿನ್ಯಾಗ ಹೋಗ್ತಾರ, ಹಳೇ ಕಾರು ಓಡಸ್ತಾರ, ಲೈಟ್ ಆಫ್ ಮಾಡ್ತಾರ ಅಂತ ವಾಟ್ಸಾಪ್‌ನ್ಯಾಗ ಓಡಾಡ್ತಾವಲ್ಲ, ಅವನ್ನ ನಾ ಬಿಡ್ತೀನಿ. ಜುಗ್ಗ ಸಾಹುಕಾರ್ರನ್ನ ನಾವೇನು ಕಂಡಿಲ್ಲಾ? ನೋಡಬೇಕಾದ್ದು ಕೊಟ್ಟ ರೀತಿ. ಚೆಕ್ ಬರ್ದು ಫೋಟೋ ತಗಸ್ಕೊಂಡಿದ್ದಲ್ಲ, ಷೇರನ್ನೇ ಬಿಟ್ಟುಕೊಟ್ರು. 2010ರಾಗ ವಿಪ್ರೋದ ನೂರಕ್ಕ 8.7 ಪಾಲು, ಆವಾಗಿನ ಬೆಲಿ ಸುಮಾರು 8,846 ಕೋಟಿ. 2019ರ ಮಾರ್ಚಿನ್ಯಾಗ ಇನ್ನೂ 34 ಪರ್ಸೆಂಟ್ ಷೇರಿನ ಆದಾಯ, ಅದರ ಬೆಲಿ 52,750 ಕೋಟಿ. ಒಟ್ಟು ಲೆಕ್ಕ ಹಿಡಿದ್ರ ಕಂಪನಿಯೊಳಗ 67 ಪರ್ಸೆಂಟ್ ಪಾಲಿನ ಆದಾಯ ದಾನದ ಕೆಲ್ಸಕ್ಕ. ಅಂದ್ರ ಡಿವಿಡೆಂಡ್ (ಲಾಭದ ಪಾಲು) ಬಂದಾಗ, ಕಂಪನಿ ಷೇರು ವಾಪಸ್ ಖರೀದಿ ಮಾಡಿದಾಗ ಆ ಪಾಲಿನ ರೊಕ್ಕ ಮನಿಗೆ ಹೋಗೋದಿಲ್ಲ, ಅವ್ರ ದಾನದ ಸಂಸ್ಥೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ಗೆ ಹೋಗ್ತೈತಿ. ಲೆಕ್ಕ ಬರಿಯೋನಾಗಿ ಹೇಳ್ತೀನಿ, ಒಂದು ಸಲ ಕೊಟ್ಟು ಕೈ ತೊಳಕೊಳ್ಳೋದು ಬ್ಯಾರೆ, ಪ್ರತಿ ವರ್ಷದ ಆದಾಯವನ್ನೇ ಬರ್ಕೊಡೋದು ಬ್ಯಾರೆ.

ಇನ್ನ ಮುಟ್ತೈತೇನು ಅಂದ್ರಿ. ನಮ್ಮ ವೈನಿ ಮಾನ್ವಿ ಕಡಿ ಒಂದು ಹಳ್ಳಿ ಸಾಲಿಯೊಳಗ ಬಿಸಿಯೂಟದ ಅಡಿಗಿ ಮಾಡ್ತಾರ. ಮೊದಲು ಸರ್ಕಾರದ್ದು ವಾರಕ್ಕ ಎರಡು ದಿನ ತತ್ತಿ ಇತ್ತು. 2024ರ ಸೆಪ್ಟೆಂಬರ್‌ಲಿಂದ ಉಳಿದ ನಾಕು ದಿನದ್ದು ಪ್ರೇಮ್‌ಜಿ ಫೌಂಡೇಶನ್ ಕೊಡ್ತೈತಿ, ಮೂರು ವರ್ಷಕ್ಕ ಸುಮಾರು 1,500 ಕೋಟಿ, ಸರ್ಕಾರಿ ಮತ್ತ ಅನುದಾನಿತ ಸಾಲಿಯ ಒಂದ್ನೇತ್ತಿಲಿಂದ ಹತ್ತನೇತ್ತಿ ಮಕ್ಕಳಿಗೆ. ವೈನಿಗೆ ಕೇಳ್ರಿ, ಅವ್ರು ಕೋಟಿ ಲೆಕ್ಕ ಹೇಳೋದಿಲ್ಲ, ತತ್ತಿ ಸುಲಿಯೋ ಲೆಕ್ಕ ಹೇಳ್ತಾರ. ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕುದಸಬೇಕು, ಇಳಿಸಿದ ಕೂಡ್ಲೇ ತಣ್ಣೀರು ಹೊಯ್ಬೇಕು, ತಾಜಾ ತತ್ತಿ ಇತ್ತಂದ್ರ ಸಿಪ್ಪಿ ಜೊತಿ ಬಿಳೀದೂ ಕಿತ್ಕೊಂಡು ಬರ್ತೈತಿ, ಅಂಥ ಹರಕ ತತ್ತಿ ತಟ್ಟಿಗೆ ಬಿದ್ರ ಹುಡುಗ್ರು ನಂದು ಸಣ್ಣದಾತು ಅಂತ ಜಗಳ ತಗೀತಾವ. ಒಲ್ಲೆ ಅನ್ನೋರಿಗೆ ಬಾಳೆಹಣ್ಣು, ಮೊದಲು ಚಿಕ್ಕಿನೂ ಇತ್ತು, 2025ರಾಗ ಅದನ್ನ ನಿಲ್ಲಿಸಿದ್ರು. ಮೊದಮೊದಲು ಬಾಳೆಹಣ್ಣಿನ ಕಡಿ ಇದ್ದ ಎಷ್ಟೋ ಹುಡುಗ್ರು ಈಗ ತತ್ತಿ ಕಡಿ ಬಂದಾವ ಅಂತ ನಗ್ತಾರ ವೈನಿ.

ತಕರಾರೂ ಅದಾವ, ಮುಚ್ಚಿಡೋದು ಯಾಕ. ಒಂದು ತತ್ತಿಗೆ ತರೋದು, ಕುದಸೋದು, ಸುಲಿಯೋದು ಎಲ್ಲಾ ಹಿಡಿದು ಆರು ರೂಪಾಯಿ ಲೆಕ್ಕ, ಚಳಿಗಾಲಕ್ಕ ಮಾರ್ಕೆಟ್ ರೇಟೇ ಅದನ್ನ ದಾಟಿತಂದ್ರ ಹೆಡ್ಮಾಸ್ತರ್ರು ತಲಿ ಕೆರಕೊಂತ ಕುಂದರ್ತಾರ. ಇನ್ನೊಂದು, ಮಕ್ಕಳ ಹೊಟ್ಟಿ ತುಂಬಿಸೋದು ಸರ್ಕಾರದ ಕೆಲ್ಸ, ಸಾಹುಕಾರ್ರ ಮನಸ್ಸಿನ ಮ್ಯಾಲ ಬಿಡೋದಲ್ಲ ಅಂತ ನಮ್ಮ ಮಿಲ್ಲಿನ ಹಮಾಲರ ಪೈಕಿ ಒಬ್ರು ವಾದ ಮಾಡ್ತಾರ, ಅವ್ರ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ, ಮೂರು ವರ್ಷ ಮುಗದ ಮ್ಯಾಲ ಏನು ಅನ್ನೋದು ಸರ್ಕಾರಕ್ಕ ಕೇಳಬೇಕಾದ ಪ್ರಶ್ನೀನೇ.

ಅಂದಂಗ, ನಿಮ್ಮ ಪೈಕಿ ಯಾರರ ಹೆಣ್ಣುಮಗಳು ಹತ್ತನೇತ್ತಿ, ಪಿಯುಸಿ ಎರಡೂ ಸರ್ಕಾರಿ ಸಾಲಿ ಕಾಲೇಜಿನ್ಯಾಗ ಪಾಸಾಗಿ ಈಗ ಡಿಗ್ರಿ ಮೊದಲ್ನೇ ವರ್ಷಕ್ಕ ಸೇರ್ತಿದ್ರ, ಅದೇ ಫೌಂಡೇಶನ್ನಿನ ಸ್ಕಾಲರ್‌ಶಿಪ್ ಐತಿ, ವರ್ಷಕ್ಕ 30,000 ಸೀದಾ ಹುಡುಗಿ ಬ್ಯಾಂಕ್ ಖಾತೆಗೆ. ಅರ್ಜಿ ಆನ್‌ಲೈನ್, ಫೀ ಏನೂ ಇಲ್ಲ. ನಡುವ ಯಾರರ ನಾ ಮಾಡಿಸಿಕೊಡ್ತೀನಿ ಅಂತ ಐನೂರು ಕೇಳಿದ್ರ ಕೊಡಬ್ಯಾಡ್ರಿ.