ತುಮಕೂರಿನಿಂದ ಚೆನ್ನೈ ಬಂದರಿಗೆ ಕಂಟೇನರ್: ರೈಲು ಯಾಕೆ ದುಬಾರಿ?

ವೈಟ್‌ಫೀಲ್ಡ್ ಡಿಪೋ (ಬೆಂಗಳೂರಿನ ಪೂರ್ವ ಅಂಚಿನಲ್ಲಿ ಕಂಟೇನರ್ ರೈಲಿಗೆ ಏರಿಸುವ ಯಾರ್ಡ್) ಮೂಲಕ ರೈಲಿನಲ್ಲಿ ಕಳಿಸಿದರೆ ನೇರ ಲಾರಿಗಿಂತ ಜಾಸ್ತಿ ಬೀಳ್ತಿದೆ, ಖರೀದಿದಾರರು ಇಂಗಾಲದ ಲೆಕ್ಕವನ್ನೂ ಕೇಳಿದ್ದಾರೆ ಅಂದಿದ್ದೀರಿ. ಕಾರಣ ಬಹುಶಃ ರೈಲು ಬಾಡಿಗೆ ಅಲ್ಲ, ಎರಡೂ ತುದಿಯ ಖರ್ಚು. ಖಾಲಿ ಕಂಟೇನರ್ ವೈಟ್‌ಫೀಲ್ಡಿನಿಂದ ನಿಮ್ಮ ಕಾರ್ಖಾನೆಗೆ ಬರಬೇಕು, ತುಂಬಿಕೊಂಡು ಬೆಂಗಳೂರು ದಾಟಿ ವಾಪಸ್ ಹೋಗಬೇಕು. ಚೆನ್ನೈ ದಿಕ್ಕಿಗೆ ಒಂದು ಹೆಜ್ಜೆ ಇಡೋ ಮೊದಲೇ ಡೀಸೆಲ್ ಸುಡುತ್ತೆ.

ಮೊದಲು ಸಾಗಣೆದಾರರಿಗೆ ಕೋಟ್ (ದರಪಟ್ಟಿ) ಬಿಡಿಸಿ ಕೊಡಲು ಹೇಳಿ: ಲಾರಿ, ಎತ್ತಿ ಇಳಿಸುವ ಚಾರ್ಜು, ರೈಲು, ಯಾರ್ಡ್ ಬಾಡಿಗೆ, ಬಂದರು. "ಎಲ್ಲಾ ಸೇರಿ" ಅನ್ನೋ ಒಂದೇ ಮೊತ್ತ ಒಪ್ಪಬೇಡಿ. ನೇರ ಲಾರಿಯ ರೇಟನ್ನೂ ಕೆದಕಿ. ಬಂದರಿನ ಗೇಟಲ್ಲಿ ಕಾದರೆ ಕೊಡಬೇಕಾದ ಹಾಲ್ಟಿಂಗ್ ಚಾರ್ಜು ಅದರಲ್ಲಿ ಸಾಮಾನ್ಯವಾಗಿ ಇರೋದೇ ಇಲ್ಲ.

ಆಮೇಲೆ ತೂಕ ನೋಡಿ. 20 ಅಡಿಯ ಎರಡು ಹಗುರ ಕಂಟೇನರ್ ಒಂದೇ ಟ್ರೇಲರಲ್ಲಿ ಹೋಗುತ್ತವೆ. ಇಷ್ಟು ಕಡಿಮೆ ದೂರಕ್ಕೆ ಆಗ ರೈಲು ಗೆಲ್ಲೋದು ಕಷ್ಟ. ಭಾರದ ಮಾಲಾದರೆ ಹಾಗೆ ಎರಡು ಏರಿಸೋಕಾಗಲ್ಲ, ಲೆಕ್ಕ ತಿರುಗಬಹುದು. ನಿಮ್ಮ ತೂಕ ಹೇಳಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ.

ಖರೀದಿದಾರರು ಕೇಳಿದ ಇಂಗಾಲದ ಲೆಕ್ಕಕ್ಕೆ ಐಎಸ್ಒ 14083 (2023) ಹಿಡಿಯಿರಿ, ಅದು ಸಾಗಣೆಯ ಇಂಗಾಲ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡ. ಅದರಲ್ಲಿ ಪ್ರಯಾಣದ ಪ್ರತಿ ತುಣುಕೂ, ಖಾಲಿ ಓಡಾಟವೂ ಸೇರಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ವೈಟ್‌ಫೀಲ್ಡ್ ಹೋಗಿ ಬರೋಕೆ 45 ಲೀಟರ್ ಅಂತ ಇಟ್ಟುಕೊಂಡರೂ 120 ಕೆಜಿ ದಾಟುತ್ತೆ. ಕರೆಂಟ್ ರೈಲು ಅಂತ ಸುಮ್ನೆ ಸೊನ್ನೆ ಬರೆಯಬೇಡಿ, ನಮ್ಮ ಕರೆಂಟಿನ ಬಹುಪಾಲು ಕಲ್ಲಿದ್ದಲಿಂದಲೇ ಅಲ್ವಾ!

ಕೊನೆಗೆ, ವೈಟ್‌ಫೀಲ್ಡ್ ಹತ್ತಿರದ ಆಮದುದಾರರು ಖಾಲಿ ಮಾಡಿದ ಕಂಟೇನರನ್ನೇ ನೇರ ನಿಮ್ಮಲ್ಲಿಗೆ ಕಳಿಸಲಾಗುತ್ತಾ ಅಂತ ಶಿಪ್ಪಿಂಗ್ ಲೈನನ್ನು (ಹಡಗು ಕಂಪನಿಯನ್ನು) ಕೇಳಿ. ತುಮಕೂರು ಕಡೆಯ ಆಮದುದಾರರೇ ಸಿಕ್ಕರಂತೂ ಒಂದು ಖಾಲಿ ಓಡಾಟ ಪೂರ್ತಿ ಉಳಿಯುತ್ತೆ.