ಪ್ರತಿ: ಕಾರಿನ ಕಂಪ್ಯೂಟರ್ ಸ್ಟಾರ್ಟ್ ಮಾಡುವಾಗ ಆಫ್ ಆಗುತ್ತದೆ, ಇನ್ವರ್ಟರ್ ಹಾಕಲೇ?

ಮ್ಯಾಪ್ ಮತ್ತು ಹಾಡಿಗೆಂದು ಹಳೇ ಕಾರಿನಲ್ಲಿ ರಾಸ್ಪ್‌ಬೆರಿ ಪೈ 4 (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಕೂರಿಸಿದ್ದೀರಿ. ಕೀಲಿ ತಿರುಗಿಸಿದಾಗಲೆಲ್ಲ ರೀಸ್ಟಾರ್ಟ್ ಆಗುತ್ತದೆ, ಇನ್ವರ್ಟರ್ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 5ಕ್ಕೆ ಇಳಿಸಿದರೆ ಸುಮ್ನೆ ಕರೆಂಟ್ ದಂಡ.

ಸ್ಟಾರ್ಟರ್ ಮೋಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ 8-9ಕ್ಕೆ ಕುಸಿಯಬಹುದು. ಎಂಜಿನ್ ಓಡುವಾಗ 14 ಆಸುಪಾಸು ಇರುತ್ತದೆ. ಜೊತೆಗೆ, ಎಷ್ಟೋ ಕಾರುಗಳಲ್ಲಿ ಸ್ಟಾರ್ಟ್ ಆಗುವಷ್ಟು ಹೊತ್ತು ಸಿಗರೇಟ್ ಸಾಕೆಟ್ಟೇ ಕಟ್ ಆಗುತ್ತದೆ. ನೀವು ಅಲ್ಲಿಂದಲೇ ಲೈನ್ ತೆಗೆದಿರಬೇಕು, ಅಲ್ವಾ? ಬ್ಯಾಟರಿಯಿಂದ ನೇರ ತೆಗೆಯಿರಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 6ರಿಂದ 30 ವೋಲ್ಟ್ ತಾಳಿಕೊಂಡು 5 ವೋಲ್ಟ್, 3 ಆಂಪಿಯರ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ.

ಕೀಲಿಯ ಲೈನ್ ಬರೀ ಸಿಗ್ನಲ್‌ಗೆ ಸಾಕು. ಕೀಲಿ ತೆಗೆದಾಗ ಪೈ ತಾನೇ ಶಟ್‌ಡೌನ್ ಆಗಬೇಕು, ಆಮೇಲೆ ಟೈಮರ್ ರಿಲೇ (ಸ್ವಲ್ಪ ಹೊತ್ತು ಬಿಟ್ಟು ತಾನೇ ಆಫ್ ಆಗುವ ಸ್ವಿಚ್) ಪವರ್ ಕಡಿಯಬೇಕು. ಇಲ್ಲದಿದ್ದರೆ ಎಸ್‌ಡಿ ಕಾರ್ಡ್ ಕೆಡುತ್ತದೆ, ಇಲ್ಲವೇ ಬ್ಯಾಟರಿ ಇಳಿಯುತ್ತದೆ. ಒಂದು ಎಚ್ಚರಿಕೆ: ಸಿಗ್ನಲ್ ಕೊಡುವ ಪೈನ ಜಿಪಿಐಒ ಪಿನ್ ತಾಳುವುದು 3.3 ವೋಲ್ಟ್ ಮಾತ್ರ. 12 ವೋಲ್ಟ್ ನೇರ ಮುಟ್ಟಿಸಿದರೆ ಬೋರ್ಡ್ ಹೋಯಿತು. ನಡುವೆ ಆಪ್ಟೋಕಪ್ಲರ್ (ತಂತಿ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇರಲೇಬೇಕು.

ಕಾರವಾರದ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಚಿಪ್ 80 ಡಿಗ್ರಿ ತಲುಪಿದರೆ ವೇಗ ತಗ್ಗಿಸಿಕೊಳ್ಳುತ್ತದೆ. ಸೀಟಿನಡಿ ವಾಸಿ, ಆದರೆ ಮಳೆಗಾಲದಲ್ಲಿ ಮ್ಯಾಟ್ ಒದ್ದೆಯಾಗುವುದರಿಂದ ಸ್ವಲ್ಪ ಎತ್ತರಿಸಿ ಕೂರಿಸಿ. ಉಪ್ಪುಗಾಳಿಗೆ ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಒಳ್ಳೆಯದು, ಪೋರ್ಟ್‌ಗಳಿಗೆ ಮೊದಲು ಟೇಪ್ ಅಂಟಿಸಿ. ಶಿರಸಿ ಕಡೆ ದೇವಿಮನೆ ಘಾಟಿ ಹತ್ತುವವರಾದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ.