ಕಲಬುರಗಿ ರಸ್ತೆಗೆ ರೋಡ್ ಬೈಕ್: ಕಾರ್ಬನ್ ವ್ಹೀಲ್ ತರಿಸಬೇಕೋ, ಅಲಾಯ್ ಸಾಕೋ?

ನೀವು ಕೊಟ್ಟ ವಿವರ ಇಷ್ಟು. ಕ್ಯಾಲಿಪರ್ ರಿಮ್ ಬ್ರೇಕ್ (ಎರಡೂ ಬದಿಯಿಂದ ರಿಮ್ಮನ್ನು ಒತ್ತಿ ಹಿಡಿಯುವುದು) ಇರುವ ಅಲ್ಯೂಮಿನಿಯಂ ರೋಡ್ ಬೈಕು, ಅಂದರೆ ವೇಗದ ಸೈಕಲ್ಲು. ಶಿಮಾನೊ ಸೋರಾ ಗೇರು, 9 ಸ್ಪೀಡ್ (ಹಿಂದೆ 9 ಹಲ್ಲುಚಕ್ರ), ಬೈಕಿನ ಜೊತೆಗೇ ಬಂದ ಭಾರದ ವ್ಹೀಲು. ವಾರಕ್ಕೆ ಎರಡು ಸಲ ಸೇಡಂ ರಸ್ತೆಯಲ್ಲಿ ಮಳಖೇಡದ ತನಕ ಹೋಗಿ ಬರುವುದು, ಒಮ್ಮೊಮ್ಮೆ ಜೇವರ್ಗಿ. ಸಮತಟ್ಟಿನಲ್ಲಿ 27 ಕಿ.ಮೀ. ವೇಗ. ಮುಂದೆ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸವಾರಿ) ಮಾಡುವ ಆಸೆ, ಕೈಯಲ್ಲಿ 55 ಸಾವಿರ. ಆ ದುಡ್ಡಿಗೆ 50 ಮಿ.ಮೀ. ಆಳದ (ಟೈರಿನಿಂದ ಕಡ್ಡಿಗಳ ಕಡೆಗೆ ರಿಮ್ಮು ಚಾಚಿರುವ ಅಳತೆ) ಕಾರ್ಬನ್ ವ್ಹೀಲ್ ತರಿಸಬೇಕೋ, ಒಳ್ಳೆಯ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ವ್ಹೀಲ್ ತಗೋಬೇಕೋ ಅನ್ನುವುದು ಪ್ರಶ್ನೆ.

ಅಲಾಯ್ ತಗೊಳ್ರಿ. ಡಿಸ್ಕ್ ಬ್ರೇಕ್ ಇದ್ದಿದ್ದರೆ ಇಷ್ಟು ಖಡಕ್ಕಾಗಿ ಹೇಳುತ್ತಿರಲಿಲ್ಲ.

ರಿಮ್ ಬ್ರೇಕಿನಲ್ಲಿ ಪ್ಯಾಡ್ ಬಂದು ಹಿಡಿಯುವುದು ರಿಮ್ಮಿನ ಗೋಡೆಯನ್ನೇ. ಅಲ್ಯೂಮಿನಿಯಂ ಆ ಬಿಸಿಯನ್ನು ಹೀರಿ ಗಾಳಿಗೆ ಬಿಟ್ಟುಬಿಡುತ್ತದೆ. ಕಾರ್ಬನ್ ಎಳೆಗಳನ್ನು ಹಿಡಿದಿಟ್ಟಿರುವ ರೆಸಿನ್‌ಗೆ (ಅಂಟಿನಂಥ ರಾಳಕ್ಕೆ) ಅದು ಆಗುವುದಿಲ್ಲ. ಬಿಸಿ ಒಂದು ಮಿತಿ ದಾಟಿದರೆ ರೆಸಿನ್ ಮೆತ್ತಗಾಗಿ, ಟೈರಿನ ಒತ್ತಡಕ್ಕೆ ರಿಮ್ಮಿನ ಅಂಚು ಹೊರಗೆ ಉಬ್ಬುತ್ತದೆ. ಅಂಥ ಬಿಸಿ ಹುಟ್ಟುವುದು ಉದ್ದನೆಯ ಘಾಟ್ ಇಳಿಯುವಾಗ. ನಮ್ಮಲ್ಲಿ ಘಾಟೇ ಇಲ್ಲ, ಹಾಗಾಗಿ ಆ ಭಯವನ್ನು ಪಕ್ಕಕ್ಕಿಡಬಹುದು. ನಮಗೆ ಕಾಡುವುದು ಮಳೆ ಮತ್ತು ಪುಡಿ. ಒದ್ದೆಯಾದ ಕಾರ್ಬನ್ ರಿಮ್ಮಿನಲ್ಲಿ ಬ್ರೇಕ್ ಒತ್ತಿದ ಮೇಲೆ ನೀರು ಒರೆಸಿಹೋಗಿ ಹಿಡಿತ ಸಿಗುವುದು ತಡ. ಇನ್ನು ಸೇಡಂ ರಸ್ತೆಯ ಸಿಮೆಂಟ್ ಲಾರಿಗಳು ಉದುರಿಸುವ ಸುಣ್ಣದ ಕಲ್ಲಿನ ಪುಡಿ ಪ್ಯಾಡಿನಲ್ಲಿ ಕೂತು ರಿಮ್ಮನ್ನು ಅರೆಯುತ್ತದೆ.

ಈಗಿರುವ ಪ್ಯಾಡನ್ನೇ ಒಮ್ಮೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಕಪ್ಪು ರಬ್ಬರಿನಲ್ಲಿ ಬೆಳ್ಳಿಯಂಥ ಚುಕ್ಕಿಗಳು ಮಿನುಗುತ್ತವೆ. ಅವು ನಿಮ್ಮ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು. ದಬ್ಬಣದಿಂದ ಒಂದೊಂದಾಗಿ ಕಿತ್ತು, ಪ್ಯಾಡನ್ನು 120 ನಂಬರಿನ ಉಜ್ಜುಕಾಗದದ ಮೇಲೆ ನಾಲ್ಕು ಸಲ ಎಳೆಯಿರಿ. ಅದೇ ಪ್ಯಾಡನ್ನು ಕಾರ್ಬನ್ ರಿಮ್ಮಿಗೆ ಹಾಕಿದರೆ ಆ ಚೂರುಗಳು ಮೊದಲ ದಿನವೇ ಗೀರು ಹಾಕುತ್ತವೆ. ಅದಕ್ಕೇ ಕಾರ್ಬನ್‌ಗೆ ಬೇರೆಯೇ ಪ್ಯಾಡ್ ಬೇಕು, ವ್ಹೀಲ್ ಬದಲಿಸಿದಾಗೆಲ್ಲ ನಾಲ್ಕೂ ಪ್ಯಾಡ್ ಬದಲಿಸಬೇಕು. ಅಲಾಯ್ ರಿಮ್ಮೂ ಸವೆಯುತ್ತದೆ, ಆದರೆ ಹೇಳಿ ಸವೆಯುತ್ತದೆ. ಬ್ರೇಕ್ ಹಿಡಿಯುವ ಜಾಗದಲ್ಲಿ ಸಣ್ಣ ಕುಳಿ ಅಥವಾ ಗೆರೆ ಇರುತ್ತದೆ. ಅದು ಮಾಯವಾದರೆ ರಿಮ್ಮಿನ ಆಯುಷ್ಯ ಮುಗಿಯಿತು. ಗುರುತಿಲ್ಲದ ರಿಮ್ಮಿಗೆ ಸ್ಟೀಲ್ ಸ್ಕೇಲಿನ ಅಂಚು ಒತ್ತಿ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಗೋಡೆ ಒಳಗೆ ಬಾಗಿದೆ ಎಂದರ್ಥ.

ವೇಗದ ಲೆಕ್ಕಕ್ಕೆ ಬರೋಣ. ನಿಮ್ಮ ಈಗಿನ ವ್ಹೀಲ್ ಜೋಡಿ 2 ಕೆ.ಜಿ., ಕಾರ್ಬನ್ 1.5 ಕೆ.ಜಿ. ಅಂದುಕೊಳ್ಳಿ. ಅರ್ಧ ಕೆ.ಜಿ. ಉಳಿತಾಯ. ಶೇ. 4ರ ಏರಿನಲ್ಲಿ 20 ಕಿ.ಮೀ. ವೇಗದಲ್ಲಿ ಹತ್ತುವಾಗ ಇದರಿಂದ ಉಳಿಯುವುದು ಸುಮಾರು 1 ವಾಟ್. ಸಮತಟ್ಟು ರಸ್ತೆಯಲ್ಲಿ ಅದೂ ಇಲ್ಲ. ಆಳದ ರಿಮ್ಮು ಗಾಳಿ ಸೀಳುವುದು ನಿಜ, ಆದರೆ ಕಂಪನಿಗಳ ಜಾಹೀರಾತಿನ ಅಂಕಿ ಸಾಮಾನ್ಯವಾಗಿ 40 ಕಿ.ಮೀ. ಮೇಲಿನ ವೇಗದ್ದು. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ಏರುವುದರಿಂದ, ನಿಮ್ಮ 27ರ ವೇಗದಲ್ಲಿ ಆ ಲಾಭದ ಮೂರನೇ ಒಂದು ಪಾಲೂ ಕೈಗೆ ಬರುವುದಿಲ್ಲ. ಬೈಕಿನ ಜೊತೆ ಬಂದ ತಂತಿ ಅಂಚಿನ ಗಡಸು ಟೈರ್ ತೆಗೆದು ಕಾಂಟಿನೆಂಟಲ್ ಜಿಪಿ 5000 ತರದ ಟೈರ್ ಹಾಕಿದರೆ ಇದಕ್ಕಿಂತ ಹೆಚ್ಚು ವಾಟ್ ಉಳಿಯುತ್ತದೆ. ಜೋಡಿಗೆ ಹತ್ತು ಸಾವಿರದ ಆಸುಪಾಸು.

ಆಷಾಢದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಸೇಡಂ ನಮಗೆ ಪೂರ್ವಕ್ಕಿದೆ, ಹಾಗಾಗಿ ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ಜೇವರ್ಗಿ ರಸ್ತೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಅಲ್ಲಿ ಇಡೀ ದಾರಿ ಅಡ್ಡಗಾಳಿ. ಲಾರಿ ಪಕ್ಕಕ್ಕೆ ಬಂದಾಗ ಗಾಳಿ ಒಮ್ಮೆಲೇ ನಿಲ್ಲುತ್ತದೆ, ದಾಟಿದೊಡನೆ ಬಡಿಯುತ್ತದೆ. 50 ಮಿ.ಮೀ. ಮುಂದಿನ ರಿಮ್ಮು ಇದ್ದರೆ ಆಗ ಹ್ಯಾಂಡಲ್ ಕೈಯಲ್ಲಿ ಜಗ್ಗುತ್ತದೆ, 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಇನ್ನೂ ಹೆಚ್ಚು. ಹಿಂದಿನ ರಿಮ್ಮಿನ ಆಳ ಇಷ್ಟು ತೊಂದರೆ ಕೊಡುವುದಿಲ್ಲ, ತಿರುಗುವುದು ಮುಂದಿನದು ತಾನೆ.

ಇದೆಲ್ಲಕ್ಕಿಂತ ದೊಡ್ಡ ಮಾತು ರಿಪೇರಿ. ನಮ್ಮ ಊರಿನ ಸೈಕಲ್ ಮಿಸ್ತ್ರಿಗಳು ವ್ಹೀಲಿನ ಬೆಂಡ್ ತೆಗೆಯುವುದರಲ್ಲಿ ಪಳಗಿದವರು, ಆದರೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಹೊರಗೆ ಕಾಣಬೇಕು, ಕಡ್ಡಿ ತುದಿ ಬಾಗಿದ ಮಾಮೂಲಿ ಕೊಕ್ಕೆಯದಿರಬೇಕು. ಹಲವು ಕಾರ್ಬನ್ ವ್ಹೀಲುಗಳಲ್ಲಿ ನಿಪ್ಪಲ್ ರಿಮ್ಮಿನ ಒಳಗೆ ಅಡಗಿರುತ್ತದೆ. ಕಾಲು ಸುತ್ತು ತಿರುಗಿಸಲು ಟೈರ್, ಟ್ಯೂಬ್, ರಿಮ್ ಟೇಪ್ ಎಲ್ಲ ಬಿಚ್ಚಬೇಕು. ಕೊಕ್ಕೆಯಿಲ್ಲದ ನೇರ ಕಡ್ಡಿ ಮುರಿದರೆ ಅದೇ ಅಳತೆಯದು ಸೋಲಾಪುರದಲ್ಲೋ ಹೈದರಾಬಾದಿನಲ್ಲೋ ಸಿಕ್ಕರೆ ಪುಣ್ಯ. ಸ್ಪೀಡ್ ಬ್ರೇಕರ್‌ಗೋ ಗುಂಡಿಗೋ ಬಡಿದಾಗ ಕಾರ್ಬನ್ ಸುಲಭಕ್ಕೆ ತಗ್ಗು ಬೀಳುವುದಿಲ್ಲ, ಆದರೆ ಸೋತರೆ ಸೀಳುತ್ತದೆ, ಅಲ್ಲಿಗೆ ಮುಗಿಯಿತು. ಅಲಾಯ್ ಬಾಗುತ್ತದೆ. ಬಾಗಿದ್ದನ್ನು ಎಳೆದು ಮನೆ ಮುಟ್ಟಬಹುದು. ಬ್ರೆವೆಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ತಾಸು ಕೊಡುತ್ತಾರೆ. ವ್ಹೀಲಿನಿಂದ ಐದು ನಿಮಿಷ ಉಳಿಸುವುದಕ್ಕಿಂತ, ಕಡ್ಡಿ ಮುರಿದ ಮೇಲೂ ಉರುಳುವ ವ್ಹೀಲು ಅಲ್ಲಿ ಬೆಲೆಬಾಳುತ್ತದೆ.

ಹಾಗಾದರೆ ಯಾವ ಅಲಾಯ್? ಕಂಪಾನ್ಯೋಲೊ ಝೋಂಡಾ ತರದ್ದು ಹಗುರ, ನೋಡಲೂ ಚಂದ, ಆದರೆ ಹಿಂದಿನ ವ್ಹೀಲಿಗೆ 21 ಕಡ್ಡಿ ಮಾತ್ರ. ಒಂದು ಕಡ್ಡಿ ಹೋದರೆ ರಿಮ್ಮು ಬಾಗಿ ಬ್ರೇಕಿಗೆ ಉಜ್ಜುತ್ತದೆ. ನಾನಾದರೆ ಹೇಳುವುದು 32 ತೂತಿನ (ಅಂದರೆ 32 ಕಡ್ಡಿಯ) ಶಿಮಾನೊ 105 ಹಬ್ (ವ್ಹೀಲಿನ ನಡುವಿನ ಗುಂಬ), ಒಳ ಅಗಲ 17ರಿಂದ 19 ಮಿ.ಮೀ. ಇರುವ ಒಳ್ಳೆಯ ಅಲಾಯ್ ರಿಮ್ಮು, ಹಿತ್ತಾಳೆ ನಿಪ್ಪಲ್ ಹಾಕಿ ಕಟ್ಟಿಸಿದ ವ್ಹೀಲು. ಅಲ್ಯೂಮಿನಿಯಂ ನಿಪ್ಪಲ್ ಬ್ಯಾಡ್ರಿ, ಎರಡು ಮಳೆಗಾಲ ಕಳೆದ ಮೇಲೆ ಬಿಗಿಯಲು ಕೀಲಿ ಹಾಕಿದರೆ ಅದರ ಮೂಲೆ ಉರುಟಾಗಿಹೋಗುತ್ತದೆ. ಇಂಥ ಹಬ್ಬಿನ ಇನ್ನೊಂದು ಲಾಭ, ಬೇರಿಂಗ್ ಬಿಡಿ ಗುಂಡಿನದು. ಹಿಂದಿನ ಹಬ್ಬಿಗೆ ಕಾಲು ಇಂಚಿನ ಗುಂಡು, ಒಂದೊಂದು ಬದಿಗೆ ಒಂಬತ್ತು. ಗ್ರೀಸ್ ಹಾಕಿ ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಬಿಗಿ ಮಾಡಲು ಯಾವ ಮಿಸ್ತ್ರಿಗಾದರೂ ಬರುತ್ತದೆ. ಹಬ್ಬು 11 ಸ್ಪೀಡಿನದು, ನಿಮ್ಮ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 9ರದು, ಹಾಗಾಗಿ ಕ್ಯಾಸೆಟ್ಟಿನ ಹಿಂದೆ 1.85 ಮಿ.ಮೀ. ಸ್ಪೇಸರ್ (ತೆಳು ಬಳೆ) ಕಡ್ಡಾಯ. ಅದನ್ನು ಮರೆತರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ, ಗೇರ್ ಕೂರುವುದಿಲ್ಲ. ಕಟ್ಟಿಸಿದ ಜೋಡಿಯ ತೂಕ ಝೋಂಡಾಗಿಂತ ಹೆಚ್ಚೇ ಬರುತ್ತದೆ, ಬರಲಿ.

ಟೈರ್ 28 ಮಿ.ಮೀ. ಹಾಕಿ, ಫ್ರೇಮು ಮತ್ತು ಕ್ಯಾಲಿಪರ್ ಒಪ್ಪಿದರೆ ಮಾತ್ರ. ಟೈರಿಗೂ ಕ್ಯಾಲಿಪರ್ ಸೇತುವೆಗೂ ನಡುವೆ 4 ಮಿ.ಮೀ. ಉಳಿಯದಿದ್ದರೆ ಎರೆಮಣ್ಣು ಅಂಟಿದ ದಿನ ವ್ಹೀಲು ನಿಂತುಬಿಡುತ್ತದೆ. 75 ಕೆ.ಜಿ. ಸವಾರನಿಗೆ ಟೈರಿನ ಗಾಳಿ ಒತ್ತಡ ಹಿಂದೆ 78, ಮುಂದೆ 72 ಪಿಎಸ್‌ಐ ಹತ್ತಿರ ಶುರು ಮಾಡಿ.

ಪಂಕ್ಚರ್ ವಿಷಯದಲ್ಲಿ ಕಾರ್ಬನ್, ಅಲಾಯ್ ಎರಡೂ ಒಂದೇ. ನೆಗ್ಗಿಲ ಮುಳ್ಳು ಮಾಡುವ ತೂತು ಸಣ್ಣದು, ತೆಗೆಯಬಲ್ಲ ಕೋರ್ ಇರುವ ವಾಲ್ವಿನಿಂದ ಟ್ಯೂಬಿಗೆ 30 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಬಿಟ್ಟರೆ ಹೆಚ್ಚಿನವು ತಾನೇ ಮುಚ್ಚಿಕೊಳ್ಳುತ್ತವೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಬಳ್ಳಾರಿ ಜಾಲಿಯದು ಬೇರೆ ತಂಟೆ. ಮುಳ್ಳು ಟೈರಿನೊಳಗೇ ಮುರಿದು, ಮೊನೆ ಮಾತ್ರ ಉಳಿದು, ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಬೆರಳಿಗೆ ಸಿಗುವುದಿಲ್ಲ. ಟೈರಿನ ಒಳಗೆ ಹತ್ತಿ ಉಂಡೆಯನ್ನು ಸುತ್ತಲೂ ಎಳೆಯಿರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮೊನೆ. ಹತ್ತಿಗೇನು ನಮ್ಮ ಕಡೆ ಬರವಿಲ್ಲವಲ್ಲ.

ಮುಂದೆ ಡಿಸ್ಕ್ ಬೈಕ್ ತಗೊಂಡು ಕಾರ್ಬನ್‌ಗೆ ಹೋಗುವುದಾದರೆ 35ರಿಂದ 40 ಮಿ.ಮೀ. ಆಳ ಸಾಕು, ಹೊರ ನಿಪ್ಪಲ್, ಕೊಕ್ಕೆ ಕಡ್ಡಿ, 24 ಕಡ್ಡಿ ಕಡ್ಡಾಯ ಅಂತ ಇಟ್ಟುಕೊಳ್ಳಿ. ಹುಕ್‌ಲೆಸ್ ರಿಮ್ಮು (ಟೈರಿನ ಅಂಚನ್ನು ಹಿಡಿಯುವ ಒಳತುಟಿ ಇಲ್ಲದ್ದು) ಬೇಡ. ಅದರ ಗರಿಷ್ಠ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ. ಬೆಳಿಗ್ಗೆ 25 ಡಿಗ್ರಿಯಲ್ಲಿ 70 ತುಂಬಿ, ವ್ಹೀಲನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮೇ ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ 60 ಡಿಗ್ರಿ ಮುಟ್ಟಬಹುದು. ಆಗ ಒತ್ತಡ 80ಕ್ಕೆ ಏರಿರುತ್ತದೆ. ಬಡಿತ ತಿಂದ ಕಾರ್ಬನ್ ರಿಮ್ಮನ್ನು ನಾಣ್ಯದಿಂದ ಸುತ್ತಲೂ ತಟ್ಟಿ ನೋಡಬೇಕು. ಒಂದು ಕಡೆ ಮಾತ್ರ ಸದ್ದು ಮಂಕಾದರೆ ಒಳಪದರ ಬಿಟ್ಟಿರುವ ಸಾಧ್ಯತೆ ಇದೆ. ಆಮೇಲೆ ಅದರ ಮೇಲೆ ಕೂರಬೇಡಿ.

ಹೊಸ ವ್ಹೀಲು ಬಂದ ಮೊದಲ ದಿನ ಕಡ್ಡಿಗಳು ಟಿಣ್ ಟಿಣ್ ಅಂದರೆ ಗಾಬರಿ ಬೇಡ, ಕಟ್ಟುವಾಗ ತಿರುಚಿಕೊಂಡದ್ದು ಬಿಡಿಸಿಕೊಳ್ಳುತ್ತಿರುತ್ತದೆ. 200 ಕಿ.ಮೀ. ಆದ ಮೇಲೆ ಒಮ್ಮೆ ಬೆಂಡ್ ನೋಡಿಸಿ. ಕಟ್ಟಿದವರ ಹತ್ತಿರ ಮುಂದಿನದು, ಹಿಂದಿನ ಎಡ, ಹಿಂದಿನ ಬಲ, ಮೂರೂ ಅಳತೆಯ ಕಡ್ಡಿ ಎರಡೆರಡು ಕೇಳಿ ಇಸ್ಕೊಳ್ಳಿ. ಹಿಂದಿನ ಎಡಕ್ಕೂ ಬಲಕ್ಕೂ ಸಾಮಾನ್ಯವಾಗಿ ಎರಡು ಮಿ.ಮೀ. ಆಚೀಚೆ ವ್ಯತ್ಯಾಸ, ಕಣ್ಣಿಗೆ ಗೊತ್ತಾಗುವುದಿಲ್ಲ. ಟೇಪ್ ಸುತ್ತಿ ಮೇಲೆ ಎಡ, ಬಲ ಅಂತ ಮಾರ್ಕರ್‌ನಲ್ಲಿ ಬರೆದಿಡಿ.